ಹಾಡಿನ ಹಗಲು, ಹಾಡಿನ ಇರುಳು

ಬೀದರಿನ ಮೈಲೂರಿನವರಿಗೆ ರಾಮನಗರದ ಜಾನಪದ ಲೋಕ ಹತ್ತಿರದ ಜಾಗವೇನಲ್ಲ; ರಾಜ್ಯದ ಒಂದು ತುದಿಯಿಂದ ಇನ್ನೊಂದು ತುದಿಯ ಕಡೆಗೆ ಇಳಿಯಬೇಕು. ಹೋದವರಿಗೆ ಮೋಸವಿಲ್ಲ. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು ಊರೂರು ಸುತ್ತಿ ಹಾಡು ಸಂಗ್ರಹಿಸಿದರು, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು, 1994ರಲ್ಲಿ ಮೈಸೂರು ಹೆದ್ದಾರಿಯ ಬದಿಗೆ ಈ ಲೋಕವನ್ನೇ ತೆರೆದರು. ಲೋಕಮಹಲಿನಲ್ಲಿ ವಾದ್ಯಗಳು, ತೊಗಲುಗೊಂಬೆಗಳು, ಯಕ್ಷಗಾನದ ವೇಷಗಳು. ಬಳಸಿ ಸವೆದ ವಸ್ತುಗಳೇ ಇಲ್ಲಿನ ಸೊಗಸು.

ಅಮೆರಿಕದ ನ್ಯಾಶ್‌ವಿಲ್‌ನಲ್ಲೂ ಹಳ್ಳಿಗಾಡಿನ ಹಾಡಿಗೊಂದು ಮ್ಯೂಸಿಯಂ ಇದೆ: ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್. 1967ರಲ್ಲಿ ಬಾಗಿಲು ತೆರೆದ ಅದು 2001ರಲ್ಲಿ ಈಗಿನ ಕಟ್ಟಡಕ್ಕೆ ಬಂತು. ಕಿಟಕಿಗಳ ಸಾಲು ಪಿಯಾನೊ ಕೀಲಿಗಳಂತೆ. ಒಳಗೆ ಎಲ್ವಿಸ್ ಪ್ರೀಸ್ಲಿಯ ಹೊಳೆಯುವ ಕ್ಯಾಡಿಲಾಕ್ ಕಾರು! ಕೂಗಳತೆಯಲ್ಲೇ ಬ್ರಾಡ್‌ವೇ ಬೀದಿ. ಅಲ್ಲಿ ಟೂಟ್ಸೀಸ್‌ನಂಥ ಬಾರುಗಳಲ್ಲಿ ರಾತ್ರಿಯಿಡೀ ಗಿಟಾರು, ಪಿಟೀಲು, ಗದ್ದಲ. ಗಾಜಿನೊಳಗೆ ಕಂಡದ್ದು ಬೀದಿಯಲ್ಲಿ ಕೇಳುತ್ತದೆ.

ಜಾನಪದ ಲೋಕಕ್ಕೆ ಅಂಥ ಬೀದಿಯಿಲ್ಲ. ಹೊರಗೆ ಬಂದರೆ ಹೆದ್ದಾರಿ, ಲಾರಿಗಳ ಹಾರ್ನು, ತಟ್ಟೆ ಇಡ್ಲಿ. ಉತ್ಸವದ ದಿನಗಳಲ್ಲಿ ಮಾತ್ರ ಬಯಲು ರಂಗ ತುಂಬುತ್ತದೆ.

ಬೀದರಿನದು ತಿರುಗಾಮುರುಗಾ ಕತೆ. ಹಾಡಿಗೊಂದು ಮಹಲಿಲ್ಲದಿದ್ದರೂ ಇರುಳಿಗೆ ಬರವಿಲ್ಲ. ದೀಪಾವಳಿಗೆ ಹೆಂಗಸರ ಬುಲಾಯಿ ಪದ, ಮೊಹರಮ್ಮಿಗೆ ಹೆಜ್ಜೆಮೇಳ, ಗುಡಿಕಟ್ಟೆಗಳಲ್ಲಿ ಏಕತಾರಿ ಹಿಡಿದ ತತ್ವಪದಕಾರರು. ಅಷ್ಟೂರಿನಲ್ಲಿ ಅಹಮದ್ ಷಾ ವಲಿಯ ಗೋರಿಗೆ ಅಲ್ಲಮಪ್ರಭುವೆಂದೇ ನಡೆದುಕೊಳ್ಳುವ ಭಕ್ತರೂ ಜಾತ್ರೆಗೆ ಸೇರುತ್ತಾರೆ. ಇಲ್ಲಿ ಟಿಕೆಟ್ಟಿಲ್ಲ, ಮುಚ್ಚುವ ವೇಳೆಯೂ ಇಲ್ಲ. ದನಿಮುದ್ರಿಸಿ ಜೋಪಾನ ಮಾಡುವ ನಾಗೇಗೌಡರಂಥವರೊಬ್ಬರು ಈ ಕಡೆಗೂ ಬೇಕು.