ನೀಲಾಂಜನೆಯ ನೃತ್ಯವೂ ಕಾಂತಿಯ ವ್ಯಾಪಾರವೂ

ವ್ಯಾಪಾರದಲ್ಲಿ ಪೈಪೋಟಿಯು ತಾನಾಗಿ ದೋಷವಲ್ಲ. ಗದಗ-ಬೆಟಗೇರಿಯ ಪೇಟೆಯಲ್ಲಿ ಎರಡು ಅಂಗಡಿಗಳು ಸ್ಪರ್ಧಿಸಿದರೆ ದರ ಇಳಿಯುತ್ತದೆ, ತೂಕ ಸರಿಯಾಗುತ್ತದೆ. ಮುಖಕಾಂತಿಯ ಉದ್ಯಮದಲ್ಲಾದರೋ ಸ್ಪರ್ಧೆ ಬೆಳೆದಷ್ಟೂ ಗಿರಾಕಿಯ ಕೀಳರಿಮೆಯೇ ಬೆಳೆಯುತ್ತದೆ.

1975ರಲ್ಲಿ ಹಿಂದುಸ್ತಾನ್ ಲಿವರ್ 'ಫೇರ್ ಅಂಡ್ ಲವ್ಲಿ'ಯನ್ನು ತಂದಿತು. 1998ರಲ್ಲಿ ಕೆವಿನ್‌ಕೇರ್‌ನ 'ಫೇರೆವರ್' ಎದುರಾಯಿತು. 2005ರಲ್ಲಿ ಇಮಾಮಿಯು 'ಫೇರ್ ಅಂಡ್ ಹ್ಯಾಂಡ್‌ಸಮ್' ಮೂಲಕ ಗಂಡಸರಿಗೂ ಅದೇ ಅಳುಕನ್ನು ಹಂಚಿತು. 2020ರಲ್ಲಿ ಜಗತ್ತಿನಾದ್ಯಂತ ವರ್ಣಭೇದದ ವಿರುದ್ಧ ದನಿಯೆದ್ದಾಗ ಹಿಂದುಸ್ತಾನ್ ಯೂನಿಲಿವರ್ ತನ್ನ ಸರಕಿಗೆ 'ಗ್ಲೋ ಅಂಡ್ ಲವ್ಲಿ' ಎಂದು ಹೆಸರಿಟ್ಟಿತು. ಕೂಡಲೇ 'ಗ್ಲೋ ಅಂಡ್ ಹ್ಯಾಂಡ್‌ಸಮ್' ಎಂಬ ಹೆಸರಿಗಾಗಿ ಇಮಾಮಿಯೊಡನೆ ವ್ಯಾಜ್ಯ ಹುಟ್ಟಿತು.

ಪುಲಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ, ತಿರುಳ್ಗನ್ನಡವನ್ನು ಮೆಚ್ಚಿದ ಪಂಪನು 941ರ ಆದಿಪುರಾಣದಲ್ಲಿ ನೀಲಾಂಜನೆಯ ಪ್ರಸಂಗವನ್ನು ಚಿತ್ರಿಸಿದ್ದಾನೆ. ನರ್ತಿಸುತ್ತಿರುವಾಗಲೇ ಆಕೆ ಆಯುಷ್ಯ ತೀರಿ ಮರೆಯಾದಳು. ರಸಭಂಗವಾಗದಂತೆ ಇಂದ್ರನು ಅವಳಂಥವಳನ್ನೇ ನಿಲ್ಲಿಸಿದನು. ಸಭೆ ಅರಿಯಲಿಲ್ಲ, ಆದಿದೇವನು ಅರಿತನು. ಕಂಪನಿಯ ಹೆಸರು ಬದಲಾವಣೆಯೂ ಇಂಥದೇ: ಪದ ಅಳಿಯಿತು, ನೃತ್ಯ ನಿಲ್ಲಲಿಲ್ಲ. ಆದರೆ ಇಂದ್ರನ ಉದ್ದೇಶ ವೈರಾಗ್ಯ, ಇವರದು ಲಾಭ.

ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರುವ 'ಪ್ರತಿರೂಪಕ ವ್ಯವಹಾರ'ವನ್ನು ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದೆ. ಲೇಪನವನ್ನು ಕೊಟ್ಟು ಮದುವೆ, ನೌಕರಿಗಳ ಆಸೆಯನ್ನು ಮಾರಿದ ಜಾಹೀರಾತುಗಳು ಆ ಸಾಲಿಗೇ ಸಲ್ಲುತ್ತವೆ. 'ಗಿರಾಕಿ ಬೇಡಿದ್ದನ್ನು ಕೊಡುತ್ತೇವೆ' ಎಂಬ ಸಮಾಧಾನ ಸಾಲದು; ಆ ಬೇಡಿಕೆಯನ್ನು ಹುಟ್ಟಿಸಿದವರು ಯಾರು? ಶಿರಹಟ್ಟಿ, ಮುಂಡರಗಿಗಳಲ್ಲಿ ಈ ಡಬ್ಬಿಗಳನ್ನು ಮಾರುವ ನಾವೂ, ಕೊಳ್ಳುವ ಹೆಣ್ಣುಮಗಳಿಗೆ ಅವಳ ಬಣ್ಣವು ರೋಗವಲ್ಲವೆಂದು ಹೇಳಬಲ್ಲೆವೇ ಎಂಬುದೇ ನಮ್ಮ ವ್ರತದ ಪರೀಕ್ಷೆ.