ಸಮುದ್ರವಿಲ್ಲದ ಊರಿನ ಸಬ್‌ಮರೀನ್

  

ಸಬ್‌ಮರೀನ್ ವಿಷಯದಲ್ಲಿ ನನ್ನ ತಕರಾರು ಟನ್ ಲೆಕ್ಕದವರ ಮೇಲೆ. ಯಾರು ಎಷ್ಟು ಮುಳುಗಿಸಿದರೆಂದು ಪಟ್ಟಿ ಹಿಡಿದು ಕ್ಯಾಪ್ಟನ್‌ಗಳನ್ನು ತೂಗುವ ಈ ಪಂಗಡಕ್ಕೆ ಮೊದಲ ಮಹಾಯುದ್ಧದ ಜರ್ಮನ್ ಸಬ್‌ಮರೀನ್ ಯು-35ರ ಅರ್ನೋ ದ ಲಾ ಪೆರಿಯೇರ್ ಮನೆದೇವರು: 194 ಹಡಗು! ಆದರೆ ಆತ ಹೆಚ್ಚಿನವನ್ನು ನೀರಿನ ಮೇಲೆ ಬಂದು, ಜನರನ್ನು ದೋಣಿಗಿಳಿಸಿ, ಫಿರಂಗಿಯಿಂದ ಮುಳುಗಿಸಿದ್ದು. ಮರ್ಯಾದಸ್ಥ, ಒಪ್ಪೋಣ. ನೀರೊಳಗಿನ ವಿದ್ಯೆ ಎಲ್ಲಿ ಬಂತು?

ಅದನ್ನು ನೋಡಬೇಕಾದರೆ ಬ್ರಿಟಿಷ್ ನೌಕಾಪಡೆಯ ನಾರ್ಮನ್ ಹಾಲ್‌ಬ್ರೂಕ್ ಹತ್ತಿರ ಬರಬೇಕು. ವಯಸ್ಸು 26, ಕೈಯಲ್ಲಿದ್ದದ್ದು ಬಿ-11 ಸಬ್‌ಮರೀನ್. ಪೆಟ್ರೋಲ್ ಎಂಜಿನ್ನಿನ, 43 ಮೀಟರ್ ಉದ್ದದ, ಆಗಲೇ ಹಳತಾಗಿದ್ದ ದೋಣಿ. 1914ರ ಡಿಸೆಂಬರ್ 13ರಂದು ಟರ್ಕಿಯ ಡಾರ್ಡನೆಲ್ಸ್ ಜಲಸಂಧಿಗೆ ನುಗ್ಗಿದ. ಮಾರ್ಮರಾ ಸಮುದ್ರದ ಕಡೆಯಿಂದ ಸೆಳವು ಎದುರಿಗೇ ಹರಿದುಬರುತ್ತದೆ. ನೀರೊಳಗೆ ಬಿ-11ರ ವೇಗವೋ ಗಂಟೆಗೆ ಹತ್ತು ಹನ್ನೊಂದು ಕಿ.ಮೀ. ದಾಟಿದರೆ ದೊಡ್ಡದು. ಐದು ಸಾಲು ಮೈನ್‌ಗಳ ಅಡಿಯಲ್ಲಿ ತೂರಿ, ಅವಕ್ಕೆ ಕಾವಲಿದ್ದ ಟರ್ಕಿಯ ಮೆಸೂದಿಯೆಗೆ ಟಾರ್ಪಿಡೊ ಬಿಟ್ಟ. ಹಡಗು ಮಗುಚಿತು. ಮುದಿ ಹಡಗು ತಾನೆ ಎಂದು ಟನ್ ಪಂಗಡ ಮೂಗು ಮುರಿಯುತ್ತದೆ. ಮುರಿಯಲಿ; ನಾನು ಹೊಗಳುತ್ತಿರುವುದು ಆಮೇಲಿನದನ್ನು. ದಿಕ್ಸೂಚಿಯ ಗಾಜು ಮಂಜು ಹಿಡಿದು ಮುಳ್ಳೇ ಕಾಣದು. ದೋಣಿ ತಳಕ್ಕೆ ತಾಗಿ, ನೆತ್ತಿ ಮೇಲೆದ್ದು, ದಡದ ಫಿರಂಗಿಗಳು ಶುರು ಹಚ್ಚಿಕೊಂಡವು. ಪೆರಿಸ್ಕೋಪಿನಲ್ಲಿ ಕಂಡ ಬಯಲು ನೀರಿನ ಅಂಚನ್ನೇ ಗುರುತಿಟ್ಟು, ಬಂದ ಮೈನ್ ಸಾಲುಗಳ ಅಡಿಯಲ್ಲೇ ವಾಪಸ್ ಹೊರಟ. ಒಂದೇ ಮುಳುಗಿಗೆ ಒಂಬತ್ತು ಗಂಟೆ! ಸಬ್‌ಮರೀನಿನವನೊಬ್ಬನಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಮೊಟ್ಟಮೊದಲು ಸಿಕ್ಕಿದ್ದು ಹೀಗೆ.

 

ಸಮುದ್ರವಿಲ್ಲದ ನಮ್ಮ ತಾಂಡವಪುರದಲ್ಲಿ ಕೂತು ಸಬ್‌ಮರೀನ್ ಬಗ್ಗೆ ಬರೆಯುವುದೇನು, ಕಪಿಲಾ ನದಿಯಲ್ಲಿ ಬೇಸಿಗೆಗೆ ಎಮ್ಮೆ ಮುಳುಗಿದರೆ ಹೆಚ್ಚು ಎಂದು ನಂಜನಗೂಡಿನ ಸ್ನೇಹಿತರು ಆಡಿಕೊಳ್ಳುತ್ತಾರೆ. ಅವರಿಗೆ ಆಸ್ಟ್ರೇಲಿಯಾದ ಒಂದು ಊರನ್ನು ತೋರಿಸಬೇಕು. ನ್ಯೂ ಸೌತ್ ವೇಲ್ಸ್‌ನ ಒಳನಾಡು, ಕುರಿ ಸಾಕುವ ಸೀಮೆ, ಸಮುದ್ರ ನೂರಾರು ಕಿ.ಮೀ. ದೂರ. ಜರ್ಮಂಟನ್ ಎಂಬುದು ಆಗ ಅದರ ಹೆಸರು. ಜರ್ಮನಿಯ ಮೇಲೆ ಯುದ್ಧ ನಡೆಯುವಾಗ ಆ ಹೆಸರು ಯಾರಿಗೆ ಬೇಕು? 1915ರಲ್ಲಿ ಊರವರು ತಮ್ಮ ಊರನ್ನೇ ಹಾಲ್‌ಬ್ರೂಕ್ ಮಾಡಿಬಿಟ್ಟರು. ಆತನೂ ಮುಂದೆ ಆ ಊರಿಗೆ ಹೋಗಿಬಂದ. 1976ರಲ್ಲಿ ತೀರಿಕೊಂಡ ಮೇಲೆ ಪತ್ನಿ ಪದಕವನ್ನು ಊರಿಗೇ ಕೊಟ್ಟರು. ಆಮೇಲೆ ಆಸ್ಟ್ರೇಲಿಯಾ ನೌಕಾಪಡೆಯ ಆಟ್‌ವೇ ಸಬ್‌ಮರೀನು ನಿವೃತ್ತವಾದಾಗ ಅದರ ಮೇಲ್ಭಾಗ ತರಿಸಿ ಆಗಿನ ಹೆದ್ದಾರಿ ಪಕ್ಕದ ಪಾರ್ಕಿನ ಹುಲ್ಲಿನ ಮೇಲೆ ನಿಲ್ಲಿಸಿದರು. ಆಕೆಯ ದೇಣಿಗೆಯೂ ಅದಕ್ಕೆ ಸೇರಿತು.

ಜನ ಫೋಟೊ ತೆಗೆಸಿಕೊಳ್ಳುವುದು ಆ 90 ಮೀಟರ್ ಆಟ್‌ವೇ ಮುಂದೆ. ನಾರ್ಮನ್ ಹಾಲ್‌ಬ್ರೂಕ್‌ನ ಸಾಹಸಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅಲ್ಲೇ ಬಿ-11ರ ಪುಟ್ಟ ಮಾದರಿಯೂ ಇದೆ. ಹೋದವರು ಮೊದಲು ಅದನ್ನು ನೋಡಿ.