ಕಾನ್‌ಸ್ಟಂಟೈನ್‌ನ ವಯಸ್ಸು ಕದ್ದವರು

‘ಹೆಲ್‌ಬ್ಲೇಜರ್’ ಕಾಮಿಕ್ಸ್ ಸರಣಿ ಕೆಟ್ಟದ್ದು ಯಾಕೆ ಎಂದು ಹಳೆಯ ಓದುಗರನ್ನು ಕೇಳಿ, ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ: ಅದರ ನಾಯಕ, ಮಂತ್ರವಾದಿ ಜಾನ್ ಕಾನ್‌ಸ್ಟಂಟೈನ್‌ನನ್ನು ಸೂಪರ್‌ಹೀರೊಗಳ ಪಂಕ್ತಿಯಲ್ಲಿ ಕೂರಿಸಿದರು, ಅಲ್ಲಿಗೆ ಮುಗಿಯಿತು. 2013ರಲ್ಲಿ ಡಿಸಿ ಕಾಮಿಕ್ಸ್ 300ನೇ ಸಂಚಿಕೆಗೆ ಸರಣಿಯನ್ನು ನಿಲ್ಲಿಸಿ, ‘ಕಾನ್‌ಸ್ಟಂಟೈನ್’ ಎಂಬ ಹೆಸರಲ್ಲಿ ಮತ್ತೆ ಒಂದರಿಂದ ಎಣಿಸತೊಡಗಿದಾಗಿನಿಂದ ಈ ದೂರು ಇದೆ. ದೂರು ಸರಿ, ಕಾರಣ ತಪ್ಪು.

ಈ ಮಂತ್ರವಾದಿ ಹುಟ್ಟಿದ್ದೇ ಸೂಪರ್‌ಹೀರೊಗಳ ಕೇರಿಯಲ್ಲಿ. 1985ರಲ್ಲಿ ಅಲನ್ ಮೂರ್ ಬರೆಯುತ್ತಿದ್ದ ‘ಸ್ವಾಂಪ್ ಥಿಂಗ್’ನಲ್ಲಿ ಅವನ ಪ್ರವೇಶ. ಅದರಲ್ಲೇ ಮುಂದೆ ಬ್ಯಾಟ್‌ಮನ್ ಬರುತ್ತಾನೆ. ಕಾನ್‌ಸ್ಟಂಟೈನ್ ಕಲೆಹಾಕಿದ ಮಾಂತ್ರಿಕರ ಕೂಟದಲ್ಲಿ ಹಳೆಯ ಜಾದೂಗಾರ ಜಟಾರಾ ಕೂತಲ್ಲೇ ಉರಿದು ಸಾಯುತ್ತಾನೆ. ಸಹವಾಸದಿಂದ ಕೆಡುವ ಆಸಾಮಿಯಾಗಿದ್ದರೆ ಆಗಲೇ ಕೆಡಬೇಕಿತ್ತು.

ಅವನಿಂದ ಕಿತ್ತುಕೊಂಡದ್ದು ವಯಸ್ಸನ್ನು. 1988ರಲ್ಲಿ ಜೇಮಿ ಡೆಲಾನೊ ‘ಹೆಲ್‌ಬ್ಲೇಜರ್’ ಸರಣಿ ಶುರುಮಾಡಿದಾಗ ಒಂದು ವಿಚಿತ್ರ ನಿಯಮ ಜಾರಿಗೆ ಬಂತು: ಓದುಗರ ಕ್ಯಾಲೆಂಡರೇ ಕಾನ್‌ಸ್ಟಂಟೈನ್‌ಗೂ ಕ್ಯಾಲೆಂಡರ್. ಅವನು ಹುಟ್ಟಿದ್ದು 1953ರಲ್ಲಿ. ಮೂರನೇ ಸಂಚಿಕೆಯಲ್ಲಿ, ಬ್ರಿಟನ್ನಿನಲ್ಲಿ ಥ್ಯಾಚರ್ ಮೂರನೇ ಬಾರಿ ಗೆದ್ದ 1987ರ ಚುನಾವಣೆ ನಡೆಯುತ್ತಿದ್ದರೆ, ಸೂಟು ತೊಟ್ಟ ಪಿಶಾಚಿಗಳು ಆತ್ಮಗಳನ್ನು ಷೇರಿನಂತೆ ವ್ಯಾಪಾರ ಮಾಡುತ್ತವೆ. 1993ರಲ್ಲಿ, 63ನೇ ಸಂಚಿಕೆಯಲ್ಲಿ, ಅವನಿಗೆ ನಲವತ್ತು ತುಂಬುತ್ತದೆ. ಬ್ಯಾಟ್‌ಮನ್‌ಗೆ ನಲವತ್ತು ತುಂಬಿದ್ದು ಯಾವಾಗ, ಯಾರಾದರೂ ಹೇಳಬಲ್ಲರೆ?

ವಯಸ್ಸಾದವನಿಗೆ ಸಾಲ ಬೆಳೆಯುತ್ತದೆ. 1991ರ ‘ಡೇಂಜರಸ್ ಹ್ಯಾಬಿಟ್ಸ್’ನಲ್ಲಿ ಗಾರ್ತ್ ಎನಿಸ್ ಅವನಿಗೆ ಕೊಟ್ಟದ್ದು ಶ್ವಾಸಕೋಶದ ಕ್ಯಾನ್ಸರ್. ಶತ್ರುವಿನ ಶಾಪವಲ್ಲ, ವರ್ಷಗಟ್ಟಲೆ ಸೇದಿದ ಸಿಲ್ಕ್ ಕಟ್ ಸಿಗರೇಟಿನ ಬಿಲ್ಲು. ಸಹಾಯ ಕೇಳಲು ಐರ್ಲೆಂಡಿನ ಗೆಳೆಯ ಬ್ರೆಂಡನ್ ಬಳಿ ಹೋದರೆ, ಅವನೇ ಕುಡಿತದಿಂದ ಸಾಯುತ್ತಿದ್ದಾನೆ. ಬ್ರೆಂಡನ್‌ನ ಆತ್ಮ ವಸೂಲಿಗೆ ಬಂದ ಸೈತಾನನಿಗೆ ಕಾನ್‌ಸ್ಟಂಟೈನ್ ಬಿಯರ್ ಕುಡಿಸುತ್ತಾನೆ. ಅದು ಮಂತ್ರದಿಂದ ಬಿಯರಾದ ತೀರ್ಥ. ಮಂತ್ರ ಕಳಚುತ್ತಲೇ ಸೈತಾನನ ಹೊಟ್ಟೆಯಲ್ಲಿ ಅದು ಮತ್ತೆ ತೀರ್ಥವಾಗುತ್ತದೆ. ಕೊನೆಗೆ ತನ್ನ ಒಂದೇ ಆತ್ಮವನ್ನು ನರಕದ ಒಡೆಯರಿಗೆಲ್ಲ ಮಾರಿ, ಅವರು ತಮ್ಮತಮ್ಮಲ್ಲೇ ಯುದ್ಧಕ್ಕಿಳಿಯುವುದರ ಬದಲು ತನ್ನನ್ನು ಬದುಕಿಸುವಂತೆ ಮಾಡುತ್ತಾನೆ. ಇಪ್ಪತ್ತೈದರ ತರುಣನ ಮೇಲೆ ಈ ಕತೆ ನಿಲ್ಲುವುದಿಲ್ಲ.

2013ರ ಅವತಾರ ಮಾಡಿದ್ದೇನು? ಅವನನ್ನು ಎಳೆಯನನ್ನಾಗಿಸಿ ನ್ಯೂಯಾರ್ಕಿಗೆ ಕಳಿಸಿತು. 23 ಸಂಚಿಕೆಗೆ ಮುಗಿಯಿತು. 2015ರಲ್ಲಿ ಇನ್ನೊಂದು ಒಂದನೇ ನಂಬರು, 2016ರಲ್ಲಿ ಮತ್ತೊಂದು. ಹೊಸ ಓದುಗರಿಗೆ ಬಾಗಿಲು ತೆರೆಯಲು ಇದೆಲ್ಲ ಬೇಕು ಎಂಬ ಸಮಜಾಯಿಷಿ ಪ್ರತಿ ಸಲವೂ ಇತ್ತು. ಆದರೆ ‘ಡೇಂಜರಸ್ ಹ್ಯಾಬಿಟ್ಸ್’ ಶುರುವಾಗುವುದೇ 41ನೇ ಸಂಚಿಕೆಯಿಂದ. ಹಿಂದಿನ ನಲವತ್ತನ್ನು ಮುಟ್ಟದವರೂ ಅದನ್ನು ಹಿಡಿದರೆ ಬಿಡುವುದಿಲ್ಲ. ಒಂದನೇ ನಂಬರು ಬೇಕಾದದ್ದು ಅಂಗಡಿಯ ಕಪಾಟಿಗೆ.

ಅವನನ್ನು ಕೆಡಿಸಿದ್ದು ಸಹವಾಸವಲ್ಲ, ಹಳೆಯದನ್ನು ಅಳಿಸಿದ್ದು ಎಂಬುದಕ್ಕೆ ಪುರಾವೆ 2019ರ ಮರುಹುಟ್ಟು. ಸೈಮನ್ ಸ್ಪರ್ರಿಯರ್ ಬರೆದು ಆರನ್ ಕ್ಯಾಂಪ್‌ಬೆಲ್ ಚಿತ್ರಿಸಿದ ಆ ಸರಣಿಯೂ ‘ಸ್ಯಾಂಡ್‌ಮನ್ ಯೂನಿವರ್ಸ್’ ಎಂಬ ಬ್ರ್ಯಾಂಡಿನ ಚೀಟಿ ಹಚ್ಚಿಕೊಂಡೇ ಬಂದದ್ದು. ವಯಸ್ಸಿನ ಲೆಕ್ಕವನ್ನು ಅಲ್ಲಿಯೂ ಮಂತ್ರ ಹಾಕಿ ಮುಚ್ಚಿದ್ದಾರೆ, ಒಪ್ಪುತ್ತೇನೆ. ಆದರೆ ಕಾನ್‌ಸ್ಟಂಟೈನ್‌ಗೆ ಹಳೆಯ ಪಾಪಗಳೆಲ್ಲ ನೆನಪಿವೆ, ಬ್ರೆಕ್ಸಿಟ್ ಗಲಾಟೆಯ ಲಂಡನ್ನಿಗೆ ಅವನು ಹೊರಗಿನವನಂತೆ ಮರಳುತ್ತಾನೆ. ಮತ್ಸ್ಯಕನ್ಯೆ ಸಿಕ್ಕ ಮೀನುಗಾರನ ಕತೆಯಲ್ಲಿ ಪರದೇಶಿಯರ ಮೇಲಿನ ಸಿಟ್ಟು ಎಷ್ಟು ಸಹಜವಾಗಿ ಕ್ರೌರ್ಯಕ್ಕೆ ತಿರುಗುತ್ತದೆಂದರೆ, ಡೆಲಾನೊನ ಕಾಲದ ಕಹಿ ಮತ್ತೆ ಬಾಯಿಗೆ ಬರುತ್ತದೆ. ಹಳೆಯದನ್ನು ಅಳಿಸದ ಈ ಒಂದೇ ಮರುಹುಟ್ಟನ್ನು ಡಿಸಿ 12ನೇ ಸಂಚಿಕೆಗೇ ನಿಲ್ಲಿಸಿತು. ಅದೇ ತಂಡ ಮತ್ತೆ ಬರೆಯಲು 2024ರವರೆಗೆ ಕಾಯಬೇಕಾಯಿತು.

ಹೊಸದಾಗಿ ಓದುವವರು ಈ 12 ಸಂಚಿಕೆಗಳಿಂದಲೋ 41ರಿಂದಲೋ ಶುರುಮಾಡಿ. ನಡುವಿನ ಆ ಮೂರು ಒಂದನೇ ನಂಬರುಗಳನ್ನು ಬಿಟ್ಟರೆ ನಷ್ಟವಿಲ್ಲ.